ಬಂಗಾರ ಹೋದ ದಾರಿಗೆ ಸುಣ್ಣದ ರಸೀದಿ

ಕಾಮರ್ಸ್ ಓದುವವರಿಗೆ ಕಲ್ಲಿನ ಸಹವಾಸ ಯಾಕೆ ಎಂದು ಗೆಳತಿಯರು ಕೇಳುತ್ತಾರೆ. ನಮ್ಮ ಅಕೌಂಟೆನ್ಸಿಯಲ್ಲಿ ಮೊದಲ ಪಾಠವೇ ವೋಚರ್. ಹಣ ಕಣ್ಣಿಗೆ ಕಾಣದಿದ್ದರೂ ರಸೀದಿ ನೋಡಿ ವ್ಯವಹಾರ ನಡೆದದ್ದನ್ನು ತಿಳಿಯುತ್ತೇವೆ. ಭೂವಿಜ್ಞಾನಿಗಳೂ ಹಾಗೆಯೇ ಮಾಡುತ್ತಾರೆ. ಅವರ ರಸೀದಿಗಳಲ್ಲಿ ಒಂದು ಕಾರ್ಬೊನೇಟ್ ಖನಿಜ, ಅಂದರೆ ಸುಣ್ಣಕಲ್ಲಿನ ಬಳಗ.

ಅಡುಗೆಮನೆಯಿಂದ ಆರಂಭ

ಕೂಡ್ಲಿಗಿ, ಕೊಟ್ಟೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು. ನಮ್ಮ ಮನೆಯಲ್ಲಿ ಅದಕ್ಕೆ ‘ಖಾರಾ ಪಾನಿ’ ಎನ್ನುತ್ತೇವೆ. ಅದನ್ನು ಕಾಯಿಸಿದ ಪಾತ್ರೆಯೊಳಗೆ ಬಿಳಿ ಪದರ ಕೂರುತ್ತದೆ. ಅಮ್ಮಿ ನಿಂಬೆಹಣ್ಣು ಹಾಕಿ ಉಜ್ಜಿದರೆ ಸಣ್ಣ ಗುಳ್ಳೆ ಎದ್ದು ಪದರ ಕರಗುತ್ತದೆ. ಅದರ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಕರಗಿದ್ದ ಸುಣ್ಣ ಹೊರಬೀಳುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಇದು ಅದಕ್ಕೆ ತದ್ವಿರುದ್ಧ.

ಭೂಮಿಯ ಆಳದಲ್ಲಿ

ಕೆಲವು ಅದಿರುಗಳು ಬಿಸಿನೀರಿನಿಂದ ಆಗುತ್ತವೆ. ಇವಕ್ಕೆ ಹೈಡ್ರೋಥರ್ಮಲ್ ನಿಕ್ಷೇಪ ಎಂದು ಹೆಸರು. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಮುಂಡರಗಿ ತಾಲೂಕು, ಅಲ್ಲೇ ಕಪ್ಪತಗುಡ್ಡ. ಗದಗ ಸೀಮೆಯ ಈ ಬೆಟ್ಟಸಾಲಿನಲ್ಲಿ ನೂರು ವರ್ಷಗಳ ಹಿಂದೆ ಬ್ರಿಟಿಷ್ ಕಂಪನಿಗಳು ಬಂಗಾರ ತೆಗೆದಿದ್ದವು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿನ ಬಿರುಕುಗಳಲ್ಲಿ ಬಿಸಿನೀರು ಮೇಲೇರಿತು. ಇಂಥ ನಿಕ್ಷೇಪಗಳಲ್ಲಿ ಅದರ ಉಷ್ಣತೆ ಸಾಮಾನ್ಯವಾಗಿ 250ರಿಂದ 400 ಡಿಗ್ರಿ ಸೆಲ್ಸಿಯಸ್. ಮೇಲಿನ ಬಂಡೆಯ ಭಾರೀ ಒತ್ತಡದಿಂದಾಗಿ ಅಷ್ಟು ಬಿಸಿಯಲ್ಲೂ ಅದು ಆವಿಯಾಗಿ ಹಾರಿಹೋಗಲಿಲ್ಲ.

ಆ ನೀರಿನಲ್ಲಿ ಬಂಗಾರ ಒಂಟಿಯಾಗಿರಲಿಲ್ಲ, ಗಂಧಕದ ಜೊತೆ ಸೇರಿ ಕರಗಿತ್ತು. ದಾರಿಯಲ್ಲಿ ಕಬ್ಬಿಣವುಳ್ಳ ಹಳೆಯ ಲಾವಾ ಕಲ್ಲು ಸಿಕ್ಕಿತು. ಕಬ್ಬಿಣ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಯಿತು. ಜೊತೆಗಾರನನ್ನು ಕಳೆದುಕೊಂಡ ಬಂಗಾರ ಅಲ್ಲೇ ಉಳಿಯಿತು. ಅದೇ ನೀರಿನಲ್ಲಿದ್ದ ಇಂಗಾಲದ ಡೈಆಕ್ಸೈಡ್ ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಗಳ ಜೊತೆ ಸೇರಿ ಕಾರ್ಬೊನೇಟ್ ಆಯಿತು. ಅದೇ ನಮ್ಮ ರಸೀದಿ.

ರಸೀದಿ ಓದುವುದು ಹೇಗೆ?

1. ಬಗೆ: ಕ್ಯಾಲ್ಸೈಟ್ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿದ್ದ ಕೂಡಲೇ ನೊರೆ ಬರುತ್ತದೆ. ಡಾಲೊಮೈಟ್ ಪುಡಿ ಮಾಡಿದರೆ ಮಾತ್ರ ಚೆನ್ನಾಗಿ ನೊರೆಗಟ್ಟುತ್ತದೆ. ಕಬ್ಬಿಣವಿರುವ ಆಂಕೆರೈಟ್ ಗಾಳಿ ಮಳೆಗೆ ಕಂದು ಬಣ್ಣಕ್ಕೆ ತಿರುಗುತ್ತದೆ.

2. ಜಾಗ: ಇಂಥ ಕಲ್ಲುಗಳಲ್ಲಿ ಹಲವೆಡೆ ಬಿರುಕಿನಿಂದ ದೂರ ಕ್ಯಾಲ್ಸೈಟ್, ಹತ್ತಿರ ಆಂಕೆರೈಟ್ ಸಿಗುತ್ತದೆ. ಬಗೆ ಬದಲಾದರೆ ಬಿಸಿನೀರಿನ ದಾರಿ ಹತ್ತಿರವಾಯಿತು ಎಂದು ಅರ್ಥ.

3. ಆಕಾರ: ಮೇಲ್ಮಟ್ಟದಲ್ಲಿ ಒತ್ತಡ ತಟ್ಟನೆ ಇಳಿದು ನೀರು ಕುದಿದರೆ, ಸೋಡಾ ಬಾಟಲಿ ತೆಗೆದ ಹಾಗೆ ಅನಿಲ ಹಾರುತ್ತದೆ. ಆಗ ಕ್ಯಾಲ್ಸೈಟ್ ತೆಳು ಅಲಗುಗಳಂತೆ ಬೆಳೆಯುತ್ತದೆ.

4. ಪ್ರಯೋಗಾಲಯ: ಹರಳಿನಲ್ಲಿ ಸಿಕ್ಕಿಬಿದ್ದ ಹನಿಗಳಿಂದಲೂ ಆಮ್ಲಜನಕ, ಇಂಗಾಲದ ಐಸೊಟೋಪುಗಳಿಂದಲೂ ಉಷ್ಣತೆ ಮತ್ತು ಮೂಲವನ್ನು ಅಂದಾಜಿಸುತ್ತಾರೆ.

ಎಚ್ಚರಿಕೆ

ರಸೀದಿ ಇದ್ದ ಮಾತ್ರಕ್ಕೆ ಗೋದಾಮಿನಲ್ಲಿ ಸರಕು ಇದೆ ಎನ್ನಲಾಗದು. ಕಾರ್ಬೊನೇಟ್ ನೀರು ಹಾದುಹೋದದ್ದನ್ನು ಹೇಳುತ್ತದೆ, ಬಂಗಾರ ಬಿಟ್ಟುಹೋದದ್ದನ್ನಲ್ಲ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕಪ್ಪು ಹೊಲಗಳಲ್ಲಿ ಸಿಗುವ ಸುಣ್ಣಕಲ್ಲಿನ ಹರಳು ಮಣ್ಣಿನ ತೇವ ಆರಿ ಆದದ್ದು, ಬಿಸಿನೀರಿನದಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಮೂಲವೂ ಬೇರೆ, ಅದು ಪ್ರಾಚೀನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು. ಆದ್ದರಿಂದ ಆಡಿಟರ್ ಹಾಗೆ ಪೈರೈಟ್, ಕ್ವಾರ್ಟ್ಸ್ ಮತ್ತು ಕಲ್ಲಿನ ಬಂಗಾರ ಪರೀಕ್ಷೆ ಎಲ್ಲವನ್ನೂ ತಾಳೆ ನೋಡಬೇಕು.

ನಮಗೇನು ಸಂಬಂಧ?

ಗಣಿಯ ಏರಿಳಿತ ನಮ್ಮ ಮನೆಗಳಿಗೆ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಂಬಿದ್ದವರ ದುಡಿಮೆಯೂ ನಿಂತಿತು. ಇತ್ತ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅಗೆದ ಗುಡ್ಡವನ್ನು ಮತ್ತೆ ಜೋಡಿಸಲಾಗದು. ಒಂದು ಗುಡ್ಡದ ಲಾಭ ನಷ್ಟ ಬರೆಯುವಾಗ ಕಾಡು, ನೀರು, ಕೂಲಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ಆ ಲೆಕ್ಕ ಬರೆಯುವವರು ನಾಳೆ ನಾವೇ. ಕಲ್ಲು ಕೊಟ್ಟ ರಸೀದಿಯನ್ನು ಓದಲು ಬಂದರೆ, ಬೇರೆಯವರು ಕೊಟ್ಟ ಅಂಕಿಯನ್ನು ಪ್ರಶ್ನಿಸುವ ಧೈರ್ಯ ನಮಗೂ ಬರುತ್ತದೆ.