ಗಿಟಾರಿಗೂ ಬೇಕು ಶೈತ್ಯಾಂಶದ ಲೆಕ್ಕ

ಮಂಡಿಕಲ್ ಕಡೆಯ ರೇಷ್ಮೆ ಬೆಳೆಗಾರರ ಹುಳು ಮನೆಗೆ ಹೋಗಿ ನೋಡಿ. ಗೋಡೆಯ ಮೇಲೆ ಜೋಡಿ ಗಾಜಿನ ಕೊಳವೆಯ ಮಾಪಕ ನೇತಾಡುತ್ತಿರುತ್ತದೆ, ಒಂದರ ಬುಡಕ್ಕೆ ಒದ್ದೆ ಬತ್ತಿ, ಇನ್ನೊಂದು ಒಣ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, ಶೈತ್ಯಾಂಶ (ಗಾಳಿಯ ತೇವ) ನೂರಕ್ಕೆ 80ರಿಂದ 90, ದೊಡ್ಡ ಹುಳುವಿಗೆ 70ರ ಆಸುಪಾಸು, ಪೊರೆ ಕಳಚಲು ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಎರಚಿ ಹಾಸಿಗೆ ಒಣಗಿಸಬೇಕು. ಇಷ್ಟನ್ನೂ ಬಾಯಿಪಾಠ ಒಪ್ಪಿಸುವ ಮನೆಯಲ್ಲೇ ಮಗನ ಗಿಟಾರು ಕಿಟಕಿ ಪಕ್ಕದ ಮೊಳೆಗೆ ನೇತುಬಿದ್ದು ಬಿಸಿಲು ಕಾಯಿಸುತ್ತಿರುತ್ತದೆ! ಹುಳುವಿಗೆ ತೋರಿಸುವ ಮುತುವರ್ಜಿಯಲ್ಲಿ ಕಾಲುಭಾಗ ಈ ಕಡೆ ತಿರುಗಿಸಿದರೂ ಸಾಕು.

1. ಮೊದಲು ಅಳೆಯಿರಿ

ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಿಟಾರಿಗೆ ಹಿತವಾದ ಶೈತ್ಯಾಂಶ 45ರಿಂದ 55. ನಲವತ್ತಕ್ಕೆ ಇಳಿದರೂ ಅರವತ್ತಕ್ಕೆ ಏರಿದರೂ ನಿದ್ದೆಗೆಡಬೇಕಿಲ್ಲ.

ಅಗ್ಗದ ಮಾಪಕ ಸುಳ್ಳು ಹೇಳುವುದುಂಟು. ಅದರ ಬಣ್ಣ ಬಯಲು ಮಾಡಲು ಅಡುಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳಕ್ಕೆ ಉಪ್ಪು ತುಂಬಿ, ಕರಗದಷ್ಟು, ಬರೀ ಕೆಸರಾಗುವಷ್ಟು ನೀರು ಹನಿಸಿ. ಮಾಪಕವನ್ನೂ ಮುಚ್ಚಳವನ್ನೂ ಒಂದೇ ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ ಒಂದು ದಿನ ಬಿಡಿ. 75 ತೋರಿಸಬೇಕು. 70 ತೋರಿಸಿತೋ, ಇನ್ನು ಮೇಲೆ ಅದು ಹೇಳಿದ್ದಕ್ಕೆಲ್ಲ 5 ಕೂಡಿಸಿಕೊಳ್ಳಿ.

2. ಹುಳು ಮನೆ ಗಿಟಾರಿನ ಮನೆಯಲ್ಲ

ಹುಳುವಿಗೆ ಸುಖವಾದ ತೇವ ಗಿಟಾರಿಗೆ ವಿಪರೀತ. ಅದರ ಮೇಲೆ ಹುಳು ಮನೆಯ ಶುಚಿಗೆ ಬಳಸುವ ಬ್ಲೀಚಿಂಗ್ ಪೌಡರಿನ ಘಾಟು ಬೇರೆ. ತಂತಿಗೂ ಬಿರಡೆಗೂ ತುಕ್ಕು ಹಿಡಿಯಲು ಇಷ್ಟು ಸಾಕು.

3. ನಮ್ಮ ಸೀಮೆಯ ಹವೆ ಗೊತ್ತಿರಲಿ

ಶಿವರಾತ್ರಿ ಕಳೆದು ಚಳಿ 'ಶಿವ ಶಿವ' ಎಂದು ಹೊರಟುಹೋದ ಮೇಲೆ, ಯುಗಾದಿಯ ಸುತ್ತಮುತ್ತ, ಈ ಬಯಲುಸೀಮೆಯಲ್ಲಿ ಮಧ್ಯಾಹ್ನದ ಶೈತ್ಯಾಂಶ 30ರ ಕೆಳಕ್ಕೂ ಜಾರುತ್ತದೆ. ಆಗಸ್ಟ್, ಸೆಪ್ಟೆಂಬರಿನ ಬೆಳಗುಗಳಲ್ಲಿ 85 ದಾಟುತ್ತದೆ. ನವೆಂಬರಿನಲ್ಲಿ ಚೆನ್ನೈ ಕಡೆ ವಾಯುಭಾರ ಕುಸಿದರೆ ನಮ್ಮಲ್ಲಿ ಮೂರು ದಿನ ಜಿಟಿಜಿಟಿ.

ಈ ಏರಿಳಿತಕ್ಕೆ ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ತೇವ ಕುಡಿದರೆ ಅಡ್ಡಕ್ಕೆ ಉಬ್ಬುತ್ತದೆ, ಒಣಗಿದರೆ ಅಡ್ಡಕ್ಕೆ ಕುಗ್ಗುತ್ತದೆ. ಗಿಟಾರಿನ ಮೇಲ್ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್, ಅಂಚು ಸುತ್ತಲೂ ಅಂಟಿನಲ್ಲಿ ಬಿಗಿದಿದೆ. ಕುಗ್ಗಲು ಜಾಗ ಸಿಗದ ಹಲಗೆ ಸೀಳದೆ ಇನ್ನೇನು ಮಾಡೀತು? ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದವರು ಹಲಸಿನ ದಿಮ್ಮಿ ಕೊರೆದು ಮಾಡುವ ವೀಣೆಗೆ ದಪ್ಪ ಮೈಯ ಆಸರೆಯಿದೆ. ಗಿಟಾರಿಗೆ ಆ ಭಾಗ್ಯ ಇಲ್ಲ.

4. ಬೆರಳಿಗೆ ತಗುಲಿದ್ದನ್ನು ನಂಬಿ

ಮಾರ್ಚ್ ತಿಂಗಳಲ್ಲಿ ಗಿಟಾರಿನ ಕತ್ತಿನ ಅಂಚಿಗೆ ಹೆಬ್ಬೆರಳು ಒತ್ತಿ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಗರಗಸದ ಹಲ್ಲಿನಂತೆ ಚುಚ್ಚಿದರೆ ಮರ ಕುಗ್ಗಿದೆ, ಕುಗ್ಗಲಾರದ ಫ್ರೆಟ್‌ ತಂತಿಯ ತುದಿಗಳು ಆಚೆ ಇಣುಕಿವೆ ಎಂದರ್ಥ. ಬಿರುಕಿಗೆ ಎಷ್ಟೋ ಮುಂಚೆ ಬರುವ ಸೂಚನೆ ಇದು. ನಾನೊಂದು ವರ್ಷ ಈ ಚುಚ್ಚುವಿಕೆಯನ್ನು ಕಡೆಗಣಿಸಿದೆ. ಏಪ್ರಿಲ್ ಹೊತ್ತಿಗೆ ಬ್ರಿಡ್ಜಿನ ಕೆಳಗೆ ಕೂದಲೆಳೆಯಂಥ ಗೆರೆ ಕಂಡಿತು. ಧೂಳೆಂದು ಒರೆಸಿದೆ, ಹೋಗಲಿಲ್ಲ.

ಮಳೆಗಾಲದ ಚಾಳಿ ಇದಕ್ಕೆ ತಿರುಗಾಮುರುಗಾ. ಬ್ರಿಡ್ಜಿನ ಹಿಂದೆ ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗಿ ಬೆರಳು ನೋಯುತ್ತದೆ, ಶ್ರುತಿ ಏರುತ್ತದೆ, ನಾದ ಒದ್ದೆ ತಮಟೆಯಂತೆ ಮಂಕಾಗುತ್ತದೆ. ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುವುದನ್ನು ಕಂಡವರು ಗಿಟಾರನ್ನೂ ಬಿಸಿಲಿಗೆ ಒಡ್ಡುತ್ತಾರೆ. ದಮ್ಮಯ್ಯ, ಬೇಡ. ಚರ್ಮದ ನ್ಯಾಯ ಬೇರೆ, ಮರದ ನ್ಯಾಯ ಬೇರೆ.

5. ಗೋಡೆಯ ಅಂದಕ್ಕಿಂತ ಪೆಟ್ಟಿಗೆ ಮೇಲು

ಮೋಲ್ಡ್ ಮನೆಯ ಪಡುವಣ ಗೋಡೆ ಸಂಜೆಗೆ ಕಾವಲಿಯಾಗುತ್ತದೆ, ಮಳೆ ಬಡಿಯುವ ಗೋಡೆ ಬೆವರುತ್ತದೆ. ನೇತುಹಾಕಲೇಬೇಕಿದ್ದರೆ ಒಳಗೋಡೆ ಹುಡುಕಿ. ಇಡೀ ಕೋಣೆಯ ಹವೆ ಸರಿಪಡಿಸುವುದು ದುಬಾರಿ ಬಾಬತ್ತು, ಗಟ್ಟಿ ಪೆಟ್ಟಿಗೆಯೊಳಗಿನ ಹವೆ ಸರಿಪಡಿಸುವುದು ಸುಲಭ. ಬಾರಿಸಿ ಮುಗಿದ ಕೂಡಲೇ ಪೆಟ್ಟಿಗೆಗೆ, ಮುಚ್ಚಳ ಭದ್ರ. ಪೆಟ್ಟಿಗೆಯನ್ನು ಅಟ್ಟಕ್ಕಾಗಲಿ ಬರಿ ನೆಲಕ್ಕಾಗಲಿ ಹಾಕಬೇಡಿ.

6. ಬೇಸಿಗೆಗೆ ಸೋಪಿನ ಡಬ್ಬಿ

ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುವ ಉಪಾಯವನ್ನೇ ಇಲ್ಲಿ ಚಿಕ್ಕದು ಮಾಡಿ. ಪ್ಲಾಸ್ಟಿಕ್ ಸೋಪಿನ ಡಬ್ಬಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಹತ್ತಿಪ್ಪತ್ತು ತೂತು ಹಾಕಿ. ಒಳಗೊಂದು ಸ್ಪಂಜು, ನೆನೆಸಿ ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಿ. ಪೆಟ್ಟಿಗೆಯಲ್ಲಿ ಗಿಟಾರಿನ ತಲೆಯ ಪಕ್ಕ ಇಡಿ. ವಾರಕ್ಕೆರಡು ಸಲ ನೋಡುತ್ತಿರಿ.

ನಮ್ಮ ಬೋರ್‌ವೆಲ್ ನೀರು ಬೇಡ. ಬಿಂದಿಗೆಗೆ ಬಿಳಿ ಪೊರೆ ಕಟ್ಟುವ ಗಡಸು ನೀರು ಸ್ಪಂಜಿಗೂ ಕಟ್ಟುತ್ತದೆ. ಊರಿನ ಶುದ್ಧ ನೀರಿನ ಘಟಕದ ಒಂದು ಲೋಟ ಧಾರಾಳ.

7. ಮಳೆಗಾಲಕ್ಕೆ ಸಿಲಿಕಾ ಜೆಲ್, ಅಕ್ಕಿಯಲ್ಲ

ಬಣ್ಣ ಬದಲಿಸುವ ಸಿಲಿಕಾ ಜೆಲ್ ತನ್ನಿ. ತೇವ ತುಂಬಿತೆಂದು ಬಣ್ಣವೇ ಹೇಳುತ್ತದೆ, ಹದವಾಗಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಅಕ್ಕಿ ಗಂಟು ಕಟ್ಟಿಟ್ಟರೆ ತೇವ ಹೋಗುವುದಕ್ಕಿಂತ ಹುಳ ಬರುವುದೇ ಹೆಚ್ಚು. ಮಾಪಕ 55ಕ್ಕೆ ಇಳಿದಾಗ ಜೆಲ್ ತೆಗೆಯಲು ಮರೆಯದಿರಿ. ಮಳೆಗಾಲದ ಪೊಟ್ಟಣ ಯುಗಾದಿವರೆಗೂ ಒಳಗೇ ಉಳಿದು ಕೆಟ್ಟ ಗಿಟಾರುಗಳುಂಟು.

8. ಕೊಬ್ಬರಿ ಎಣ್ಣೆ ತಲೆಗಿರಲಿ

ಒಣಗಿದ ಫ್ರೆಟ್‌ಬೋರ್ಡಿಗೆ ಅದನ್ನು ಸವರಿದರೆ ಕಮಟು ಹಿಡಿದು ಅಂಟಂಟಾಗುತ್ತದೆ. ಫ್ರೆಟ್‌ಬೋರ್ಡಿಗೆಂದೇ ಬರುವ ಎಣ್ಣೆ, ವರ್ಷಕ್ಕೆ ಒಂದೆರಡು ಸಲ, ನಾಲ್ಕು ಹನಿ. ಅದೂ ಬೀಟೆಯಂಥ ಪಾಲಿಶ್ ಇಲ್ಲದ ಮರಕ್ಕೆ ಮಾತ್ರ. ಅಂದಹಾಗೆ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ಲಿನ ಬೀಟೆ ಬಿಟ್ಟು ಭಾರತದ ಬೀಟೆಗೆ ತಿರುಗಿತು. ನಮ್ಮ ಮಲೆನಾಡಿನಲ್ಲಿ ಬೆಳೆಯುವುದೂ ಅದೇ ಜಾತಿ.

9. ಊರು ಬದಲಾದರೆ ಪೆಟ್ಟಿಗೆ ತೆರೆಯಲು ಅವಸರ ಬೇಡ

ಮಂಗಳೂರಿನ ಹಾಸ್ಟೆಲಿನಿಂದ ಏಪ್ರಿಲ್‌ನಲ್ಲಿ ಊರಿಗೆ ತಂದ ಗಿಟಾರಿಗೆ ಒಂದೇ ರಾತ್ರಿಯಲ್ಲಿ ಕಡಲಿನಿಂದ ಕಾವಲಿಗೆ ಬಿದ್ದ ಅನುಭವ. ಹೊರಡುವ ಮುನ್ನ ತಂತಿಗಳನ್ನು ಒಂದು ಸ್ವರ ಸಡಿಲಿಸಿ. ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕೆಜಿ ಎಳೆಯುತ್ತಿರುತ್ತವೆ. ಮನೆ ಮುಟ್ಟಿದ ಮೇಲೆ ಅರ್ಧ ದಿನ ಪೆಟ್ಟಿಗೆ ಮುಚ್ಚೇ ಇರಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜೇ ಎದ್ದುಬಿಡುತ್ತದೆ.

10. ಎಲ್ಲ ಗಿಟಾರಿಗೂ ಒಂದೇ ಉಪಚಾರ ಬೇಕಿಲ್ಲ

ಕಲಿಯುವವರು ಕೊಳ್ಳುವ ಅಗ್ಗದ ಗಿಟಾರುಗಳು ಬಹುಪಾಲು ಪ್ಲೈ ಹಲಗೆಯವು. ಪದರಗಳು ಅಡ್ಡಡ್ಡ ಅಂಟಿರುವುದರಿಂದ ಅವು ಗಡಸು ಜೀವ. ಪೆಟ್ಟಿಗೆಯಲ್ಲಿಟ್ಟು, ಬಾರಿಸಿದ ಮೇಲೆ ಹಳೆ ಪಂಚೆಯ ತುಂಡಿನಿಂದ ತಂತಿ ಒರೆಸಿದರೆ ನಡೆಯುತ್ತದೆ. ಇಡಿ ಹಲಗೆಯದೋ, ಮೇಲಿನ ಒಂದೂ ತಪ್ಪಿಸಬೇಡಿ. ನಾದದ ರಂಧ್ರದ ಅಂಚು ನೋಡಿ: ಮೇಲಿನ ಗೆರೆಗಳು ಒಳಗಿನವರೆಗೂ ಇಳಿದಿದ್ದರೆ ಇಡಿ ಹಲಗೆ, ಪದರ ಪದರ ಕಂಡರೆ ಪ್ಲೈ.

11. ಬಿರುಕು ಬಿಟ್ಟೇ ಬಿಟ್ಟಿತೇ?

ಫೆವಿಕಾಲ್ ಸುರಿಯಬೇಡಿ. ತಂತಿ ಸಡಿಲಿಸಿ, ಸೋಪಿನ ಡಬ್ಬಿಯ ಜೊತೆ ಪೆಟ್ಟಿಗೆಯಲ್ಲಿ ಒಂದೆರಡು ವಾರ ಬಿಡಿ. ಒಣಗಿ ಬಂದ ಬಿರುಕು ಎಷ್ಟೋ ಸಲ ತಾನೇ ಕೂಡಿಕೊಳ್ಳುತ್ತದೆ. ಆಮೇಲೆ ರಿಪೇರಿ ಬಲ್ಲವರ ಕೈಗೆ ಕೊಡಿ. ಅವರು ಅಂಟು ತುಂಬಿ, ಒಳಗಡೆ ಬೆರಳುಗುರಿನಷ್ಟು ಮರದ ಚೂರುಗಳನ್ನು ಆಸರೆಗೆ ಕೂರಿಸುತ್ತಾರೆ. ನನ್ನ ಗಿಟಾರಿನ ಗೆರೆ ಮುಚ್ಚಿದ್ದು ಹೀಗೆಯೇ. ಬೆಳಕಿಗೆ ಓರೆಯಾಗಿ ಹಿಡಿದರೆ ಈಗಲೂ ಕಾಣುತ್ತದೆ.