ಎರಡು ಸಲ ಕೇಳಬೇಕು



ಮರಾಠಿಯಲ್ಲಿ ‘ಐಕಣೆ’ ಬೇರೆ, ‘ವಿಚಾರಣೆ’ ಬೇರೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ: ಕೇಳು. ಪಾಠ ಕೇಳಿದೆ ಅಂತೀವಿ, ಪ್ರಶ್ನೆ ಕೇಳಿದೆ ಅಂತಲೂ ಅಂತೀವಿ. ದಿನಾ ಎರಡೂ ಭಾಷೆಯಲ್ಲಿ ಓಡಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿಜ್ಞಾನದ ವ್ಯಾಖ್ಯಾನಕ್ಕೆ ಕರೆದುಕೊಂಡು ಹೋದಾಗ ನೀವು ಮೊದಲನೇ ‘ಕೇಳು’ ಅಷ್ಟೇ ಮಾಡಿ ಬರ್ತೀರಿ. ಎರಡನೆಯದು ಬಾಕಿ ಉಳಿಯುತ್ತದೆ.

ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ ಬಂತೆಂದರೆ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ ವ್ಯಾಖ್ಯಾನ ಇರುತ್ತವೆ. ನಮ್ಮ ಕಡೆ ಅವು ಮರಾಠಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಒಂದು ತಾಸು ಶಿಸ್ತಾಗಿ ಕೂತು ಕೇಳ್ತೀರಿ. ಕೊನೆಗೆ “ಪ್ರಶ್ನೆ ಇದ್ದರೆ ವಿಚಾರಿಸಿ” ಅಂದಕೂಡಲೇ ಎಲ್ಲರ ತಲೆ ಕೆಳಗೆ. ಬಸ್ಸು ಹತ್ತಿದ ಮೇಲೆ ಒಬ್ಬ ಮೆಲ್ಲಗೆ ಬಂದು ಕೇಳ್ತಾನೆ: “ಸರ್, ಅವರು ಪೇಶಿ ಪೇಶಿ ಅಂತಿದ್ರಲ್ಲ, ಅದು ನಮ್ಮ ಪುಸ್ತಕದಾಗಿನ ಜೀವಕೋಶನೇ ಏನ್ರಿ?” ಹೌದಪ್ಪಾ, ಅದೇ. ಆದರೆ ಅಷ್ಟು ಗೊತ್ತಾಗುವ ಹೊತ್ತಿಗೆ ವ್ಯಾಖ್ಯಾನಕಾರರು ಊಟಕ್ಕೆ ಹೋಗಿರ್ತಾರೆ. ನಿಮ್ಮ ಬುದ್ಧಿಯೇನೂ ಕಡಿಮೆ ಅಲ್ಲ; ಒಂದು ಶಬ್ದದಲ್ಲಿ ಸಿಕ್ಕಿಬಿದ್ದಿರಿ, ಅಷ್ಟೇ. ನಾಲ್ಕು ಜನರ ಮುಂದೆ ಕೇಳೋಕೆ ಅಂಜಿದಿರಿ.

ಸರಿಯಾಗಿ ಕೇಳಿದ ಒಬ್ಬ ಹುಡುಗನ ಕಥೆ ಹೇಳ್ತೀನಿ. ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಅಂತ ಇದ್ದ, ಕಮ್ಮಾರನ ಮಗ. ಶಾಲೆ ಕಲಿತದ್ದು ಕಡಿಮೆ; ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನ ವ್ಯಾಖ್ಯಾನಗಳ ಟಿಕೆಟ್ ಕೊಟ್ಟರು. ಮಾತಾಡುವವರು ಹಂಫ್ರಿ ಡೇವಿ, ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞ. ಹುಡುಗ ಕೇಳಿದ್ದನ್ನೆಲ್ಲ ಬರೆದುಕೊಂಡ, ಚಿತ್ರ ಬಿಡಿಸಿದ. ಎಲ್ಲ ಸೇರಿ ಸುಮಾರು 300 ಪುಟ ಆಯಿತು. ತಾನೇ ರಟ್ಟು ಕಟ್ಟಿ ಡೇವಿಯವರಿಗೆ ಕಳಿಸಿದ. 1813ರಲ್ಲಿ ಅವರ ಪ್ರಯೋಗಶಾಲೆಯಲ್ಲೇ ಸಹಾಯಕನಾದ. ಡೈನಮೊ, ಮೋಟರು ಎರಡರ ಮೂಲವೂ ಮುಂದೆ ಅವನ ಪ್ರಯೋಗಗಳಲ್ಲೇ ಸಿಕ್ಕಿತು. ಇಚಲಕರಂಜಿಯ ಪಾವರ್‌ಲೂಮು ಓಡುವುದರ ಹಿಂದೆ ಈ ರಟ್ಟು ಕಟ್ಟುವ ಹುಡುಗನೂ ಇದ್ದಾನೆ ನೋಡಿ.

ಅದೇ ಸಂಸ್ಥೆಯಲ್ಲಿ 1825ರಿಂದ ಕ್ರಿಸ್‌ಮಸ್ ಸಮಯದಲ್ಲಿ ಎಳೆಯರಿಗಾಗಿ ವ್ಯಾಖ್ಯಾನ ನಡೆಯುತ್ತ ಬಂದಿವೆ. ಫ್ಯಾರಡೆಯೂ ಅಲ್ಲಿ ಮಾತಾಡಿದ. ಒಂದು ಮೇಣಬತ್ತಿ ಇಟ್ಟುಕೊಂಡು ಆರು ವ್ಯಾಖ್ಯಾನ ಕೊಟ್ಟ! ಅದರೊಳಗಿನ ಒಂದು ಪ್ರಯೋಗವನ್ನು ನೀವೂ ಮಾಡಬಹುದು. ದೊಡ್ಡವರು ಒಬ್ಬರು ಪಕ್ಕದಲ್ಲಿರಲಿ, ಗಾಳಿ ಆಡದ ಕೋಣೆ ಇರಲಿ. ಮೇಣಬತ್ತಿ ಹಚ್ಚಿ, ಸ್ವಲ್ಪ ಹೊತ್ತು ಉರಿಯಲು ಬಿಡಿ. ಮೆಲ್ಲಗೆ ಊದಿ ಆರಿಸಿ. ಬತ್ತಿಯಿಂದ ಬಿಳಿ ಹೊಗೆಯ ಎಳೆ ಏಳುತ್ತದೆ. ಉರಿಯುವ ಕಡ್ಡಿಯನ್ನು ಬತ್ತಿಗೆ ಮುಟ್ಟಿಸಬೇಡಿ. ಒಂದೆರಡು ಬೆರಳಿನಷ್ಟು ಮೇಲೆ, ಆ ಹೊಗೆಗೆ ಹಿಡಿಯಿರಿ. ಬೆಂಕಿ ಹೊಗೆಯ ಗುಂಟ ಇಳಿದು ಬಂದು ಬತ್ತಿ ತಾನೇ ಹೊತ್ತಿಕೊಳ್ಳುತ್ತದೆ. ಮೊದಲ ಸಲಕ್ಕೆ ಆಗದಿದ್ದರೆ ಇನ್ನೊಮ್ಮೆ ಮಾಡಿ, ಹೊಗೆ ಚದುರುವ ಮುಂಚೆ ಕಡ್ಡಿ ಹಿಡಿಯಬೇಕು.

ಯಾಕೆ ಹೀಗೆ? ಮೇಣ ಕರಗಿ ಬತ್ತಿಯಲ್ಲಿ ಏರಿ, ಬಿಸಿಗೆ ಆವಿಯಾಗುತ್ತದೆ. ಉರಿಯುವುದು ಆ ಆವಿ. ಆರಿಸಿದ ಮೇಲೆ ಕಾಣುವ ಬಿಳಿ ಹೊಗೆ ಅಂದರೆ ಮೇಣದ ಆವಿ ತಣ್ಣಗಾಗಿ ಆದ ಸಣ್ಣ ಕಣಗಳು. ಕಡ್ಡಿ ಹಿಡಿದರೆ ಅವು ಹೊತ್ತಿಕೊಳ್ಳುತ್ತವೆ. ಇದನ್ನು ಹತ್ತು ಸಲ ಕಿವಿಯಿಂದ ಕೇಳಿದರೂ ಒಮ್ಮೆ ಕಣ್ಣಿಂದ ಕಂಡಂತೆ ಆಗುವುದಿಲ್ಲ.

ಇನ್ನು ಕನ್ನಡಕ್ಕೆ ಬರೋಣ. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು 1930ರ ದಶಕದಿಂದಲೇ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಅವು ಸಣ್ಣ ಸಣ್ಣ ಪುಸ್ತಕಗಳಾಗಿಯೂ ಬಂದವು. ಅಲ್ಲಿಯ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ! ಮುಂದೆ ಅದು ಇಡೀ ದೇಶದ ರೇಡಿಯೊಗೆ ಹೆಸರಾಯಿತು.

ಈಗ ಪಾಡ್‌ಕಾಸ್ಟ್ ಕಾಲ. ಮೈಸೂರಿನ ಸಿಎಫ್‌ಟಿಆರ್‌ಐ ಅಂದರೆ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ವಿಜ್ಞಾನಿಯಾಗಿದ್ದ ಕೊಳ್ಳೇಗಾಲ ಶರ್ಮ 2017ರಲ್ಲಿ ‘ಜಾಣಸುದ್ದಿ’ ಎಂಬ ಕನ್ನಡ ವಿಜ್ಞಾನ ಪಾಡ್‌ಕಾಸ್ಟ್ ಆರಂಭಿಸಿದರು. ಹೊಸ ಸಂಶೋಧನೆಯ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಧ್ವನಿಯಾಗಿ ಬರುತ್ತಿತ್ತು. ಇಂಥದ್ದು ನಮಗೆ ಬಹಳ ಬೇಕಾದದ್ದು: ಜೀವಕೋಶ ಜೀವಕೋಶವಾಗಿಯೇ ಕಿವಿಗೆ ಬೀಳುತ್ತದೆ. ಇನ್ನೊಂದು ಅನುಕೂಲ, ತಿಳಿಯದಿದ್ದರೆ ನಿಲ್ಲಿಸಿ ಮತ್ತೆ ಹಾಕಬಹುದು. ಆದರೆ ಮೊಬೈಲಿನ ದನಿಗೆ ಕೈ ಎತ್ತಿ ಪ್ರಶ್ನೆ ಕೇಳೋಕೆ ಆಗಲ್ಲ. ಅದಕ್ಕೇ ನೋಟ್‌ಬುಕ್ ಪಕ್ಕದಲ್ಲಿರಬೇಕು. ತಿಳಿಯದ ಶಬ್ದ ಬಂದಲ್ಲಿ ಎಷ್ಟನೇ ನಿಮಿಷ ಅಂತ ಬರೆದಿಡಿ, ಮರುದಿನ ಶಾಲೆಗೆ ತನ್ನಿ. ಅವರು ಹೇಳಿದ್ದೆಲ್ಲ ಹೌದೋ ಅಲ್ಲೋ ಅನ್ನುವುದನ್ನೂ ಕೇಳಬಹುದು, ಅದರಲ್ಲಿ ಉದ್ಧಟತನ ಏನಿಲ್ಲ.

ಕೊಲ್ಹಾಪುರದಲ್ಲೇ ಹುಟ್ಟಿದ ಒಬ್ಬ ದೊಡ್ಡ ವಿಜ್ಞಾನಿ ಈ ಎರಡನೇ ‘ಕೇಳು’ವಿಗೆ ಬಹಳ ಬೆಲೆ ಕೊಡುತ್ತಿದ್ದರು. ಅವರೇ ಜಯಂತ ನಾರಳೀಕರ. 1938ರ ಜುಲೈ 19ರಂದು ಹುಟ್ಟಿದರು, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜೊತೆ ವಿಶ್ವದ ರಚನೆಯ ಬಗ್ಗೆ ಸಂಶೋಧನೆ ಮಾಡಿದರು. 1988ರಲ್ಲಿ ಸ್ಥಾಪನೆಯಾದ ಪುಣೆಯ ಅಯುಕಾ ಖಗೋಳವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರು ಅವರೇ. 2025ರ ಮೇ 20ರಂದು ತೀರಿಕೊಂಡರು. ಮರಾಠಿಯಲ್ಲಿ ವಿಜ್ಞಾನ ಕಥೆ ಬರೆದರು, ಊರೂರಲ್ಲಿ ವ್ಯಾಖ್ಯಾನ ಕೊಟ್ಟರು. ವ್ಯಾಖ್ಯಾನ ಮುಗಿದ ಮೇಲೆ ಮಕ್ಕಳು ಸಹಿಗಾಗಿ ಮುತ್ತಿಕೊಂಡರೆ ಅವರು ಸುಮ್ಮನೆ ಸಹಿ ಹಾಕಿ ಕೊಡುತ್ತಿರಲಿಲ್ಲ. ಒಂದು ಪೋಸ್ಟ್ ಕಾರ್ಡಿನಲ್ಲಿ ವಿಜ್ಞಾನದ ಪ್ರಶ್ನೆ ಬರೆದು ಕಳಿಸು, ಉತ್ತರ ಬರೆದು ಅದರ ಕೆಳಗೆ ಸಹಿ ಹಾಕ್ತೀನಿ ಅನ್ನುತ್ತಿದ್ದರು. ಹಾಗೆಯೇ ಉತ್ತರ ಕಳಿಸುತ್ತಲೂ ಇದ್ದರು. ಎಷ್ಟು ಚಂದ ಉಪಾಯ ನೋಡಿ: ಸಹಿ ಬೇಕೆಂದರೆ ಮೊದಲು ಯೋಚನೆ ಮಾಡಬೇಕು. ಎಲ್ಲರ ಮುಂದೆ ಎದ್ದು ನಿಲ್ಲಲು ಅಂಜುವವರಿಗೂ ಕಾರ್ಡಿನಲ್ಲಿ ಅಂಜಿಕೆ ಇಲ್ಲ.

ಮುಂದಿನ ವ್ಯಾಖ್ಯಾನಕ್ಕೆ ಹೋಗುವಾಗ ಪ್ರತಿಯೊಬ್ಬರೂ ಒಂದು ಚೀಟಿ ಕಿಸೆಯಲ್ಲಿ ಇಟ್ಟುಕೊಳ್ಳಿ. ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯಿರಿ. ಮರಾಠಿಗೆ ತಿರುಗಿಸುವುದು ನಿಮಗೆ ಕಷ್ಟವಲ್ಲ, ಬೇಕಾದರೆ ನಾವು ಸಹಾಯ ಮಾಡ್ತೀವಿ. ಪ್ರಶ್ನೆ ದೊಡ್ಡದಿರಬೇಕು ಅಂತಿಲ್ಲ. ಗಡಹಿಂಗ್ಲಜ ಕಡೆ ಬೆಲ್ಲದ ಗಾಣ ನೋಡಿದವರು, ಕುದಿಯುವ ಕಬ್ಬಿನ ಹಾಲಿಗೆ ಬೆಂಡಿಗಿಡದ ಲೋಳೆ ಯಾಕೆ ಹಾಕ್ತಾರೆ ಅಂತ ಕೇಳಬಹುದು. ಲೋಳೆ ಕಸದ ಕಣಗಳನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ತರುತ್ತದೆ, ಇಷ್ಟು ನಾನು ಹೇಳಬಲ್ಲೆ. ಬೆಂಡಿಯದೇ ಯಾಕೆ ಅನ್ನುವುದನ್ನು ರಸಾಯನಶಾಸ್ತ್ರದವರು ಹೇಳಲಿ. ಇಚಲಕರಂಜಿಯವರಿಗೆ ಇನ್ನೊಂದು: ನೇಯುವ ಮುಂಚೆ ಹಾಸಿನ ನೂಲಿಗೆ ಗಂಜಿ ಹಾಕ್ತಾರೆ, ಹೊಕ್ಕಿನ ನೂಲಿಗೆ ಯಾಕೆ ಹಾಕೋದಿಲ್ಲ? ಮನೆಯಲ್ಲಿ ಯಾರಾದರೂ ಪಾವರ್‌ಲೂಮಿನ ಮೇಲಿದ್ದರೆ ಮೊದಲು ಅವರನ್ನೇ ಕೇಳಿ ನೋಡಿ.