ಆಯಿಯ ಬಾಳನ್ನು ಬರೆದಿಡಿ

ನನ್ನ ಮೊಮ್ಮಕ್ಕಳ ವಯಸ್ಸಿನವರೇ,

ರಾವೂರ, ವಾಡಿ, ಚಿತ್ತಾಪುರದ ಯಾವ ಸರ್ಕಲ್‌ನಲ್ಲಿ ನಿಂತರೂ ಒಂದಲ್ಲ ಒಂದು ಶ್ರದ್ಧಾಂಜಲಿ ಬ್ಯಾನರ್ ಕಣ್ಣಿಗೆ ಬೀಳುತ್ತದೆ. ನಡುವೆ ತೀರಿಕೊಂಡ ಆಯಿಯ ಫೋಟೊ, ಕೆಳಗೆ ಮಕ್ಕಳು ಮೊಮ್ಮಕ್ಕಳ ಹೆಸರಿನ ಸಾಲು. ಪ್ರೀತಿಯಿಂದಲೇ ಹಾಕಿಸಿರುತ್ತೀರಿ, ತಪ್ಪೆನ್ನುವುದಿಲ್ಲ. ಆದರೆ ಆಕೆ ಏನು ಮಾಡಿ ಬದುಕಿದಳು, ಯಾವುದನ್ನು ತಾಳಿಕೊಂಡಳು ಎಂಬ ಒಂದು ಮಾತೂ ಅದರಲ್ಲಿ ಇರುವುದಿಲ್ಲ. ಎಂಬತ್ತು ತೊಂಬತ್ತು ವರ್ಷ ಬಾಳಿದವಳ ನೆನಪು ‘ಮಮತಾಮಯಿ’ ಎಂಬ ಒಂದು ಪದದಲ್ಲಿ ಮುಗಿದುಹೋಗಬಾರದು. ನಿಮ್ಮ ಮನೆಯಲ್ಲಿ ಆಯಿ ಇನ್ನೂ ಇದ್ದರೆ ಈ ಕಿವಿಮಾತು ನಿಮಗೇ: ಇವತ್ತೇ ಕೇಳಿ, ಇವತ್ತೇ ಬರೆದಿಡಿ.

ಮೊದಲು ವಯಸ್ಸು. ಆಕೆಯ ಆಧಾರ್ ಕಾರ್ಡ್ ತೆಗೆದು ನೋಡಿ. ಜನವರಿ 1 ಎಂದಿದ್ದರೆ ಅದನ್ನು ನಂಬಿ ಕೂರಬೇಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಬಿದ್ದ ತಾರೀಖು ಅದು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ನಿಜಾಮನ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಹೆಣ್ಣುಮಗುವಿನ ಹುಟ್ಟುಹಬ್ಬವನ್ನು ಯಾರು ಬರೆದಿಟ್ಟಾರು? ಹಾಗಂತ ಆಕೆಗೆ ಕಾಲದ ಲೆಕ್ಕ ಇಲ್ಲವೆಂದಲ್ಲ. ನನ್ನ ಅವ್ವ ಹೇಳುತ್ತಿದ್ದಳು: “ರಜಾಕಾರರ ಗದ್ದಲದಾಗ ತಮ್ಮನ್ನ ಬಗಲಾಗ ಎತ್ಕೊಂಡು ತೊಗರಿ ಹೊಲದಾಗ ಅಡಗಿದ್ದೆ.” ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಅದಕ್ಕೂ ಮುಂಚಿನ ಮಾತಿದು. ತಮ್ಮನನ್ನು ಎತ್ತಿಕೊಂಡು ಓಡುವಷ್ಟು ಬಲ ಇತ್ತೆಂದರೆ ಆಗ ಏಳೆಂಟು ವರ್ಷದವಳು, ಹುಟ್ಟಿದ್ದು 1940ರ ಆಸುಪಾಸು. 1956ರಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗ ಆಕೆ ಈ ಮನೆಯ ಸೊಸೆಯಾಗಿದ್ದಳು. 1972ರ ಬರದಲ್ಲಿ ಕೂಸನ್ನು ಗಿಡದ ನೆರಳಿಗೆ ಮಲಗಿಸಿ ಸರ್ಕಾರದ ಬರಗಾಲದ ಕೆಲಸದಲ್ಲಿ ಖಡಿ ಒಡೆದಳು. ಪೊಲೀಸ್ ಆಕ್ಷನ್, ಬರ, ವಾಡಿಯ ಸಿಮೆಂಟ್ ಫ್ಯಾಕ್ಟರಿ ಶುರುವಾದದ್ದು, ಊರಿಗೆ ಕರೆಂಟ್ ಬಂದದ್ದು: ಇವನ್ನು ಗೂಟದಂತೆ ನೆಟ್ಟು ಕೇಳುತ್ತಾ ಹೋಗಿ. ನೀವು ಪಾಠದ ಪುಸ್ತಕದಲ್ಲಿ ಓದಿದ ಇಸವಿಗಳ ನಡುವೆಯೇ ಆಕೆಯ ಮದುವೆ, ಹೆರಿಗೆ, ಸಾವು ನೋವು ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಎರಡನೆಯದು, ಕೇಳುವ ರೀತಿ. “ಆಯಿ, ನಿನ್ನ ಜೀವನ ಹೆಂಗಿತ್ತು?” ಎಂದರೆ “ಏನ್ ಹೇಳ್ಲಿ ಯಪ್ಪಾ, ಹಂಗೇ ಹೋಯ್ತು” ಎಂದು ಸುಮ್ಮನಾಗುತ್ತಾಳೆ. ಆಕೆಯ ಕೈಯ ಕೆಲಸ ಹಿಡಿದು ಕೇಳಿ. ಟ್ರಂಕಿನಲ್ಲಿರುವ ಹಳೇ ಕೌದಿಯನ್ನು ಬಿಸಿಲಿಗೆ ಹಾಸಿ, ಪಕ್ಕದಲ್ಲಿ ಕೂತು “ಈ ತುಂಡು ಯಾವ ಸೀರಿದು?” ಅನ್ನಿ. ನನ್ನ ಅವ್ವನ ಕೌದಿಯಲ್ಲಿ ಒಂದು ಹಸಿರು ತುಂಡಿದೆ, ಕುಪ್ಪಸದ ಖಣದ್ದು. ಆಕೆಯ ಮೊದಲ ಮಗಳಿಗೆಂದು ಹೊಲಿಸಿಟ್ಟದ್ದು. ಆ ಮಗಳು ಉಳಿಯಲಿಲ್ಲ. ಅಂಥ ಒಬ್ಬ ಅಕ್ಕ ನನಗಿದ್ದಳೆಂದು ಗೊತ್ತಾದದ್ದು ಆ ತುಂಡಿನಿಂದ. ಹಾಗೆಯೇ ರೊಟ್ಟಿ ಬಡಿಯುವಾಗ ಕೂತು ಕೇಳಿ. ಹಳೇ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಕುದಿಯುವ ಎಸರು ಹಾಕಿ ನಾದಬೇಕು, ಇಲ್ಲದಿದ್ದರೆ ಬಡಿಯುವಾಗಲೇ ಅಂಚು ಒಡೆಯುತ್ತದೆ. ಅದನ್ನು ಹೇಳುತ್ತಾ ಹೇಳುತ್ತಾ, ಜೋಳವೇ ಇಲ್ಲದ ದಿನಗಳ ಮಾತು ತಾನಾಗಿ ಬರುತ್ತದೆ. ಬೀಸುವ ಪದ ಬರುವುದಾದರೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೀಸುಕಲ್ಲಿನ ಗೂಟ ಕೈಗೆ ಸಿಕ್ಕರೆ ಪದ ನೆನಪಾಗುತ್ತದೆ.

ಮೂರನೆಯದು, ಕಷ್ಟವನ್ನು ಬಿಡಬೇಡಿ. ನಮ್ಮದು ಫರಸಿ ಕಲ್ಲಿನ ಸೀಮೆ. ಶಹಾಬಾದ್ ಕಲ್ಲೆಂದು ನಾಡೆಲ್ಲ ಹೆಸರಾದ ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ. ಅದನ್ನು ಎಬ್ಬಿಸಿದ ಗಂಡಸರ ಮಾತು ಆಗಾಗ ಕೇಳಿಬರುತ್ತದೆ. ತಗ್ಗಿನಿಂದ ಕಲ್ಲಿನ ಪುಡಿ, ಚೂರು ಬುಟ್ಟಿಯಲ್ಲಿ ಹೊತ್ತು ಹಾಕಿದ ಹೆಂಗಸರ ಮಾತು ಕೇಳಿಬರುವುದಿಲ್ಲ. ಕೂಲಿ ಎಷ್ಟಿತ್ತು, ಗಂಡಾಳಿಗಿಂತ ಎಷ್ಟು ಕಡಿಮೆ, ಬಸುರಿಯಾಗಿದ್ದಾಗ ಎಷ್ಟು ತಿಂಗಳವರೆಗೆ ಹೊತ್ತಳು, ಕೆಮ್ಮು ಯಾವಾಗ ಶುರುವಾಯಿತು, ಇದೆಲ್ಲ ಬರೆದುಕೊಳ್ಳಿ.

ನಮ್ಮದೇ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಒಮ್ಮೆ ನೋಡಿ ಬನ್ನಿ. ಅಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಶಿಲ್ಪವಿದೆ, ಅವನ ಹೆಸರೂ ಕೊರೆದಿದೆ. ಅದೇ ಸ್ತೂಪಕ್ಕೆ ದಾನ ಕೊಟ್ಟ ಹೆಣ್ಣುಮಕ್ಕಳ ಹೆಸರುಗಳೂ ಅಲ್ಲಿ ಕಲ್ಲಿನ ಮೇಲಿವೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ಹೆಣ್ಣಿನ ಹೆಸರನ್ನು ರಾಜನ ಹೆಸರಿರುವ ಜಾಗದಲ್ಲೇ ಬರೆದವರಿದ್ದರು. ನಿಮ್ಮ ಮುತ್ತಜ್ಜಿಯ ಹೆಸರು ನಿಮಗೆ ಗೊತ್ತೇ? ಆಕೆಯ ತವರೂರು? ಆಯಿ ಇರುವಾಗಲೇ ಕೇಳಿಕೊಳ್ಳಿ. ಆಕೆಯ ನಂತರ ಹೇಳುವವರು ಇರುವುದಿಲ್ಲ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಇಳಿವಯಸ್ಸಿನ ಆ ತಾಯಿಯ ಹೆಸರು ದೇಶಕ್ಕೆಲ್ಲ ತಿಳಿದದ್ದು ಸಂತೋಷದ ಸಂಗತಿ. ಆದರೆ ಊರೂರಿನ ಎಷ್ಟೋ ಆಯಿಂದಿರಿಗೆ ದಿಲ್ಲಿಯಿಂದ ಕಾಗದ ಬರುವುದಿಲ್ಲ. ಅವರ ಬಾಳಿಗೆ ಬೆಲೆ ಕಟ್ಟಬೇಕಾದವರು ನೀವೇ.

ಇನ್ನು ಕೊನೆಯ ಮಾತು, ಎಲ್ಲಕ್ಕಿಂತ ದೊಡ್ಡದು. ಹಿರಿಯರು ತೀರಿದ ಮೇಲೆ ಪೌತಿ ಖಾತೆಯ ಓಡಾಟ ಶುರುವಾಗುತ್ತದೆ. ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆದು, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ದೇಶಕ್ಕೆಲ್ಲ 2005ರಲ್ಲಿ ಬಂತು. ಕಾನೂನು ಬಂದರೂ ನಾಚಿಕೆ, ಮುಲಾಜು ಹೋಗಲಿಲ್ಲ. “ತವರಿನ ಬಾಗಿಲು ಮುಚ್ಚೀತು” ಎಂಬ ಅಂಜಿಕೆಗೆ ನಮ್ಮ ಹೆಣ್ಣುಮಕ್ಕಳು ಹೆಬ್ಬೆಟ್ಟು ಒತ್ತುತ್ತಾರೆ. ನನ್ನ ಅವ್ವ ಜೀವಮಾನವೆಲ್ಲ ಕಳೆ ತೆಗೆದ ಹೊಲದ ಪಹಣಿಯಲ್ಲಿ ಆಕೆಯ ಹೆಸರು ಒಂದು ದಿನವೂ ಇರಲಿಲ್ಲ. ಆ ಮಾತನ್ನು ಆಕೆ ಬಾಯಿಬಿಟ್ಟು ಹೇಳಿದ್ದಳು. ಅದನ್ನು ಕೇಳಿದ್ದರಿಂದಲೇ ನಾವು ಅಣ್ಣತಮ್ಮಂದಿರು ಖಾತೆಯಲ್ಲಿ ತಂಗಿಯರ ಹೆಸರನ್ನೂ ಸೇರಿಸಿದೆವು. ತವರಿನ ಬಾಗಿಲು ಇವತ್ತಿಗೂ ತೆರೆದೇ ಇದೆ.

ಆಯಿಯ ಬಾಳನ್ನು ಕೇಳಿ ತಿಳಿದ ಮೇಲೆ, ಆಕೆಗಾದ ಅನ್ಯಾಯ ನಿಮ್ಮ ಅಕ್ಕತಂಗಿಯರಿಗೆ, ಹೆಂಡತಿಗೆ, ಮಗಳಿಗೆ ಆಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಬ್ಯಾನರ್ ಬೇಕಾದರೆ ಹಾಕಿಸಿ. ಅದಕ್ಕೂ ಮೊದಲು ನೂರು ಪುಟದ ಒಂದು ನೋಟ್‌ಬುಕ್ ಕೊಂಡು ತಂದು, ಮೊದಲ ಪುಟದಲ್ಲಿ ಆಯಿಯ ಪೂರ್ತಿ ಹೆಸರು, ಆಕೆಯ ಅವ್ವನ ಹೆಸರು, ತವರೂರಿನ ಹೆಸರು ಬರೆಯಿರಿ. ಪಹಣಿಯಲ್ಲಿ ಯಾರ್ಯಾರ ಹೆಸರಿದೆ ಎಂಬುದನ್ನೂ ಈ ವಾರವೇ ತೆಗೆಸಿ ನೋಡಿ.